ರೇಡಿಯೊ ಚಿಕ್ಕಮ್ಮ ಮತ್ತು ಗದ್ದೆಯ ಪಾಚಿ

ನನ್ನ ಚಿಕ್ಕಮ್ಮನ ದನಿ ಬಲ್ಲವರು ಸಾವಿರಾರು ಮಂದಿ ಇದ್ದರು, ಮುಖ ಬಲ್ಲವರು ಕೆಲವರೇ. ಸಂಜೆ ರೇಡಿಯೊದಲ್ಲಿ ಬರುತ್ತಿದ್ದ ರೈತರ ಕಾರ್ಯಕ್ರಮವನ್ನು ನಡೆಸಿಕೊಡುತ್ತಿದ್ದವಳು ಅವಳು. "ರೈತ ಬಾಂಧವರೇ" ಎಂದು ಅವಳು ಶುರುಮಾಡಿದರೆ ಅಂಗಡಿ ಮುಂದೆ ಹರಟೆ ಹೊಡೆಯುತ್ತಿದ್ದವರೂ ಬಾಯಿ ಮುಚ್ಚುತ್ತಿದ್ದರು. ಅವಳು ನಮ್ಮಮ್ಮನ ತಂಗಿ. ನಾನು ಚಿಕ್ಕಮ್ಮ ಎನ್ನುವುದನ್ನು ಕೇಳಿ ಕೇಳಿ ಅಕ್ಕಪಕ್ಕದವರಿಗೂ ಅವಳು ರೇಡಿಯೊ ಚಿಕ್ಕಮ್ಮ ಆದಳು. ಅವಳಿಗಿಂತ ಹತ್ತಾರು ವರ್ಷ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಅದು ಅವಳಿಗೆ ಇಷ್ಟವೂ ಆಗಿತ್ತು, ಸ್ವಲ್ಪ ಮುಜುಗರವೂ ಆಗುತ್ತಿತ್ತು.

ಅಕ್ಕತಂಗಿಯರಿಬ್ಬರೂ ಬೆಳೆದದ್ದು ಭತ್ತದ ಗದ್ದೆಗಳ ನಡುವೆಯೇ. ಅಮ್ಮ ಹತ್ತಿರದಲ್ಲೇ ಮದುವೆಯಾಗಿ ಅಪ್ಪನ ಜೊತೆ ಗದ್ದೆಗೆ ಇಳಿದಳು. ಚಿಕ್ಕಮ್ಮ ಓದು ಮುಗಿಸಿ, ದನಿ ಪರೀಕ್ಷೆಗೆ ಹೋಗಿ, ಬೇರೆಯವರೆಲ್ಲ ಕವಿತೆ ಓದಿದ ಕಡೆ ಗೊಬ್ಬರದ ಚೀಲದ ಮೇಲಿನ ಸೂಚನೆಗಳನ್ನು ಬಾಯಿಪಾಠ ಒಪ್ಪಿಸಿ ಕೆಲಸ ಗಿಟ್ಟಿಸಿಕೊಂಡವಳು. ಸ್ಟುಡಿಯೊ ಎಂದರೆ ಕಿಟಕಿಯಿಲ್ಲದ ಕೋಣೆ. ಗೋಡೆಗೆ ತೂತು ತೂತಿನ ಹಲಗೆ, ಮೇಜಿನ ಮೇಲೆ ಸದ್ದಾಗದ ಹಾಗೆ ಹಾಸಿದ ಹಸಿರು ಬಟ್ಟೆ, ಒಂದು ಲೋಟ ಬಿಸಿನೀರು. ಓದುವ ಹಾಳೆಗಳಿಗೆ ಪಿನ್ನು ಹಾಕುವ ಹಾಗಿಲ್ಲ. ಮಗುಚಿದ ಸದ್ದು ಮೈಕಿಗೆ ಕೇಳಬಾರದೆಂದು ಒಂದೊಂದನ್ನೇ ಪಕ್ಕಕ್ಕೆ ಜಾರಿಸಬೇಕು. ಗಾಜಿನ ಆಚೆ ಕೂತು ಗುಂಡಿಗಳನ್ನು ತಿರುಗಿಸುತ್ತಿದ್ದವರನ್ನೇ ಅವಳು ಮದುವೆಯಾದಳು. ಆ ಚಿಕ್ಕಪ್ಪ ಮನೆಯಲ್ಲೂ ಅವಳ ಮಾತು ಉದ್ದವಾದರೆ ಬೆರಳನ್ನು ಗಾಳಿಯಲ್ಲಿ ಗರಗರ ತಿರುಗಿಸಿ "ಬೇಗ ಮುಗಿಸು" ಎಂದು ಸನ್ನೆ ಮಾಡುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಅವರಿಗೆ ಮಕ್ಕಳಿರಲಿಲ್ಲ, ರಜೆ ಸಿಕ್ಕಾಗಲೆಲ್ಲ ನಮ್ಮ ಮನೆಗೇ ಬರುತ್ತಿದ್ದರು.

ನಮ್ಮ ಮನೆಯ ರೇಡಿಯೊ ಅಡುಗೆಮನೆಯ ಕಿಟಕಿಯಲ್ಲಿತ್ತು. ಚಿಕ್ಕಮ್ಮ ಓದುವಾಗ ಅಮ್ಮ ಒಲೆಯ ಮೇಲಿದ್ದದ್ದನ್ನು ಕೆಳಗಿಳಿಸಿಬಿಡುತ್ತಿದ್ದಳು, ಕೊತಕೊತ ಸದ್ದು ಅಡ್ಡ ಬರಬಾರದೆಂದು. ಅಪ್ಪ ತಮಾಷೆಗೆ, "ನನ್ನ ಮಾತು ಒಂದು ದಿನವಾದ್ರೂ ಹೀಗೆ ಕೇಳಿದೀಯಾ?" ಎನ್ನುತ್ತಿದ್ದರು. ಆದರೆ ಅಪ್ಪನೂ ಕಿವಿ ಅಲ್ಲೇ ಇಟ್ಟಿರುತ್ತಿದ್ದರು. ನಾನು ಚಿಕ್ಕವಳಿದ್ದಾಗ ಒಂದು ವರ್ಷ ಕಂದು ಜಿಗಿಹುಳು ಬಿದ್ದು ಸುತ್ತಮುತ್ತಲ ಪೈರೆಲ್ಲ ಬೆಂಕಿ ತಾಗಿದ ಹಾಗೆ ಸುಟ್ಟುಹೋಯಿತು. ಹುಳು ನಮ್ಮ ಕಡೆ ಬರುವ ಮೊದಲೇ ಚಿಕ್ಕಮ್ಮ ರೇಡಿಯೊದಲ್ಲಿ ಎಚ್ಚರಿಸಿದ್ದಳು. ಯಾವ ಔಷಧಿ, ಎಷ್ಟು ನೀರಿಗೆ ಎಷ್ಟು, ಪೈರಿನ ಬುಡಕ್ಕೆ ಹೇಗೆ ಹೊಡೆಯಬೇಕು ಎಂದು ಬಿಡಿಸಿ ಬಿಡಿಸಿ ಹೇಳಿದ್ದಳು. ಅವಳ ಮಾತು ಕೇಳಿದವರ ಬೆಳೆ ಉಳಿಯಿತು. ನಮ್ಮದೂ ಉಳಿಯಿತು. ಆ ವರ್ಷ ನಾವು ಉಂಡ ಅನ್ನ ಅವಳ ದನಿಯಿಂದ ಬಂದದ್ದು ಎಂದು ಅಪ್ಪ ಎಷ್ಟೋ ಕಾಲ ಹೇಳುತ್ತಿದ್ದರು. ಅದು ಸುಳ್ಳೂ ಅಲ್ಲ.

ಆಮೇಲೆ ಅವಳು ಏನು ಹೇಳಿದರೂ ಜನ ಮರುಮಾತಿಲ್ಲದೆ ಮಾಡುತ್ತಿದ್ದರು. ಹುಳು ಕಂಡಾಗ ಹೊಡೆಯುವುದು ಹೋಗಿ, ಕಾಣುವ ಮುಂಚೆಯೇ ಹೊಡೆಯುವುದು ಬಂತು. ನಾಟಿಯಾದ ಕೂಡಲೇ ಕಳೆನಾಶಕ, ಅದರ ಹಿಂದೆಯೇ ಹುಳಕ್ಕೆಂದು ಹರಳು ಔಷಧಿ, ತೆನೆ ಕಟ್ಟುವ ಮುಂಚೆ ಮತ್ತೊಂದು. ಕಾರ್ಯಕ್ರಮದ ಮುಖ್ಯಸ್ಥರು ಬರೆಸಿಕೊಟ್ಟದ್ದನ್ನು ಅವಳು ಓದುತ್ತಿದ್ದಳು. ಅವಳು ಓದುವ ರೀತಿಯಲ್ಲಿ ಒಂದು ಗುಣವಿತ್ತು. ಗಂಟುಗಂಟಾದ ವಾಕ್ಯವನ್ನು ತುಂಡು ಮಾಡಿ, ಕೈಗೆ ಇಟ್ಟ ಹಾಗೆ ಹೇಳಿಬಿಡುತ್ತಿದ್ದಳು. ಕೇಳಿದವರಿಗೆ ಅನುಮಾನಕ್ಕೆ ಜಾಗವೇ ಉಳಿಯುತ್ತಿರಲಿಲ್ಲ.

ಒಂದು ಸಲ ರಜೆಗೆ ಬಂದಿದ್ದಾಗ ಅಮ್ಮ ಅವಳನ್ನು ಗದ್ದೆಗೆ ಕರೆದುಕೊಂಡು ಹೋಗಿ ಪಾಚಿ ತೋರಿಸಿದಳು. ನಾಟಿ ಮಾಡಿದ ಮೇಲೆ ನಿಂತ ನೀರಿನಲ್ಲಿ ಪಾಚಿ ಕಟ್ಟುವುದು ಮೊದಲಿನಿಂದಲೂ ಇದ್ದದ್ದೇ. ಆ ವರ್ಷ ಒಂದು ಮೂಲೆಯಲ್ಲಿ ಹೆಚ್ಚಾಗಿ, ಚಾಪೆಯ ಹಾಗೆ ಮೇಲೆದ್ದು, ಎಳೆಯ ಸಸಿಗಳನ್ನು ಒರಗಿಸಿತ್ತು. ಅದಕ್ಕೇನಾದರೂ ಔಷಧಿ ಇದೆಯೇ ಎಂದು ಅಮ್ಮ ಕೇಳಿದಳು. ಚಿಕ್ಕಮ್ಮ ವಾಪಸ್ಸು ಹೋಗಿ ವಿಚಾರಿಸಿದಳು. ಮುಂದಿನ ವಾರವೇ ಶ್ರೋತೃಗಳ ಪ್ರಶ್ನೆ ಎಂದು ಅದು ರೇಡಿಯೊದಲ್ಲಿ ಬಂತು. "ಮೈಲುತುತ್ತವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಗದ್ದೆಗೆ ನೀರು ಬರುವ ಕಂಡಿಯಲ್ಲಿಡಿ. ಪಾಚಿ ತಾನಾಗಿ ಹೋಗುತ್ತದೆ." ಅಷ್ಟೇ. ಅಮ್ಮ ಹಳೆಯ ದಿಂಬಿನ ಬಟ್ಟೆ ಹರಿದು ನೀಲಿ ಹರಳುಗಳನ್ನು ಕಟ್ಟಿದ್ದು ನನಗೆ ನೆನಪಿದೆ. ಪಾಚಿ ಹೋಯಿತು. ಮೂಲೆಯದ್ದು ಮಾತ್ರವಲ್ಲ, ಇಡೀ ಗದ್ದೆಯದು. ನೀರು ಕನ್ನಡಿಯ ಹಾಗಾಯಿತು, ನೋಡಲು ಚೆನ್ನಾಗಿತ್ತು. ಆ ವರ್ಷದಿಂದ ನಾಟಿಯ ದಿನವೇ ಕಂಡಿಯಲ್ಲಿ ನೀಲಿ ಗಂಟು ಇಡುವುದು ಎಲ್ಲರಿಗೂ ಅಭ್ಯಾಸವಾಯಿತು, ಪಾಚಿ ಬರಲಿ ಬಿಡಲಿ.

ಇದನ್ನು ಕೇಳಿಸಿಕೊಂಡೇ ಪಾಚಿ ಮೇಷ್ಟ್ರು ರೇಡಿಯೊ ಕಚೇರಿಗೆ ಬಂದದ್ದು. ಆ ಹೆಸರು ಕಚೇರಿಯವರು ಇಟ್ಟದ್ದು. ಮಣ್ಣಿನ ಸೂಕ್ಷ್ಮಜೀವಿಗಳ ಬಗ್ಗೆ ಕೆಲಸ ಮಾಡುತ್ತಿದ್ದ ಒಂದು ಸಂಶೋಧನಾ ಕೇಂದ್ರದವರು ಅವರು. ತೆಳ್ಳಗಿನ ಮನುಷ್ಯ, ಉಗುರಿನ ಸಂದಿಯಲ್ಲಿ ಯಾವಾಗಲೂ ಹಸಿರು. ಸ್ವಾಗತದ ಮೇಜಿನವಳು ಏನು ಕೆಲಸ ಎಂದು ಕೇಳಿದ್ದಕ್ಕೆ ಕಾಲು ಗಂಟೆ ಉತ್ತರ ಹೇಳಿದ್ದರಂತೆ. ಒಂದು ವಾಕ್ಯ ಹೇಳಿದ ಮೇಲೆ "ಆದರೆ" ಎಂದು ಇನ್ನೊಂದು, ಅದರ ಬಾಲಕ್ಕೆ ಮತ್ತೊಂದು "ಆದರೆ". ಅವರು ಮುಂದೆ ಬಂದರೆ ಅವರ 'ಆದರೆ'ಗಳು ಹಿಂದಿನ ಬಸ್ಸಿನಲ್ಲಿ ಬರುತ್ತವೆ ಎಂದು ಚಿಕ್ಕಪ್ಪ ನಗಾಡುತ್ತಿದ್ದರಂತೆ.

ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಚಿಕ್ಕಮ್ಮ ಮಾತ್ರ ಅವರ ಮಾತನ್ನು ಪೂರ್ತಿ ಕೇಳಿದಳು. ಪಾಚಿಯೆಲ್ಲ ಒಂದೇ ಅಲ್ಲ ಎಂದರು ಮೇಷ್ಟ್ರು. ಚಾಪೆಯ ಹಾಗೆ ಎದ್ದು ಸಸಿ ಒರಗಿಸುವುದು ಬೇರೆ. ಮಣ್ಣಿಗಂಟಿ, ನೀಲಿ ಮಿಶ್ರಿತ ಹಸಿರಾಗಿ, ಲೋಳೆಲೋಳೆಯಾಗಿ ಬೆಳೆಯುವುದು ಇನ್ನೊಂದು. ಗಾಳಿಯಲ್ಲಿ ಬೇಕಾದಷ್ಟು ಸಾರಜನಕ ಇದೆ, ಪೈರಿಗೆ ಅದನ್ನು ನೇರವಾಗಿ ತಿನ್ನಲು ಬಾಯಿಲ್ಲ. ಈ ನೀಲಿಹಸಿರು ಪಾಚಿ ಅದನ್ನು ಹಿಡಿದು ಮಣ್ಣಿಗೆ ಕೊಡುತ್ತದೆ. ಕಣ್ಣಿಗೇ ಕಾಣದ ಇನ್ನೂ ಕೆಲವು ಜೀವಿಗಳು ಬೇರಿನ ಸುತ್ತ ಕೂತು ಇದೇ ಕೆಲಸ ಮಾಡುತ್ತವೆ. ಭತ್ತದ ಗದ್ದೆ ಎಷ್ಟೋ ತಲೆಮಾರು ಚೀಲದ ಗೊಬ್ಬರವಿಲ್ಲದೆ ಬೆಳೆ ಕೊಟ್ಟದ್ದು ಇವುಗಳ ದೆಸೆಯಿಂದಲೂ ಹೌದು.

"ಹಾಗಾದ್ರೆ ಔಷಧಿ ಹೊಡೆದ್ರೆ ಅವೆಲ್ಲ ಸಾಯುತ್ತವಾ?" ಎಂದು ಚಿಕ್ಕಮ್ಮ ಕೇಳಿದಳು.

ಅಲ್ಲಿಯೇ ಇದ್ದದ್ದು ತೊಡಕು. ಮೇಷ್ಟ್ರು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಮೈಲುತುತ್ತ ಪಾಚಿಗೆ ನೇರ ವಿಷ. ಕೆಲವು ಕಳೆನಾಶಕಗಳು ಕಳೆಯ ಜೊತೆಗೆ ಇದನ್ನೂ ಬಡಿಯುತ್ತವೆ, ಯಾಕೆಂದರೆ ಇದೂ ಬಿಸಿಲು ತಿಂದೇ ಬದುಕುವುದು. ಕೀಟನಾಶಕಗಳಲ್ಲಿ ಕೆಲವು ಏನೂ ಮಾಡುವುದಿಲ್ಲ, ಕೆಲವು ಪಾಚಿ ತಿನ್ನುವ ಸಣ್ಣ ಹುಳಗಳನ್ನು ಕೊಂದು ಮೊದಲು ಪಾಚಿಯನ್ನು ಹೆಚ್ಚೇ ಮಾಡುತ್ತವೆ. ಆದರೆ ಒಂದರ ಮೇಲೊಂದು ಹಾಕುತ್ತ ಹೋದರೆ, ಅಳತೆ ಮೀರಿದರೆ, ಮೇಲೆ ಯೂರಿಯಾ ಸುರಿದರೆ, ಅವು ಕೆಲಸ ನಿಲ್ಲಿಸುತ್ತವೆ. ಕೊನೆಗೆ ಅವರು ಹೇಳಿದ ಮಾತನ್ನು ಚಿಕ್ಕಮ್ಮ ಎಷ್ಟೋ ವರ್ಷಗಳ ಮೇಲೆ ನಮಗೆ ಮತ್ತೆ ಮತ್ತೆ ಹೇಳಿದ್ದಳು: "ಒಂದು ಸಲಕ್ಕೆ ಸಾಯಲ್ಲಮ್ಮ. ಮತ್ತೆ ಬರ್ತವೆ. ಬರೋಕೆ ಪುರುಸೊತ್ತು ಕೊಡಬೇಕು. ನಾವು ಪುರುಸೊತ್ತೇ ಕೊಡ್ತಿಲ್ಲ."

ಇದನ್ನು ರೈತರಿಗೆ ಹೇಳಲು ಅವರು ಹತ್ತು ನಿಮಿಷ ಕೇಳಿದರು. ಮುಖ್ಯಸ್ಥರು ಒಪ್ಪಿದರು. ಆದರೆ ಕೆಂಪು ದೀಪ ಹೊತ್ತಿಕೊಂಡ ತಕ್ಷಣ ಮೇಷ್ಟ್ರು ಮೊದಲ ಸಾಲಿನಲ್ಲೇ ಎಡವಿದರು. ವಾಕ್ಯಗಳು ಒಂದಕ್ಕೊಂದು ತೊಡರಿಕೊಂಡವು. ಗಾಜಿನ ಆಚೆ ಚಿಕ್ಕಪ್ಪ ಮೂರು ಸಲ ನಿಲ್ಲಿಸಿ ಮೂರು ಸಲ ಶುರುಮಾಡಿಸಿ ಕೈಚೆಲ್ಲಿದರು. ಕೊನೆಗೆ ಮುಖ್ಯಸ್ಥರೇ, ಬರಹ ಬಿಟ್ಟು ಹೋಗಿ, ನಮ್ಮವಳು ಚುಟುಕಾಗಿ ಮಾಡಿ ಓದುತ್ತಾಳೆ ಎಂದರು. ಮೇಷ್ಟ್ರಿಗೆ ಬೆವರು ಒರೆಸಿಕೊಂಡು ಹೋದರೆ ಸಾಕಾಗಿತ್ತು. ಹೋಗುವಾಗ ಚಿಕ್ಕಮ್ಮನ ಕಡೆ ತಿರುಗಿ, "ನಿಮ್ಮ ಬಾಯಲ್ಲಿ ಬಂದ್ರೆ ಕೇಳ್ತಾರೆ" ಎಂದರಂತೆ.

ಅವಳು ಚುಟುಕು ಮಾಡಿದಳು. ಎರಡು ಭಾಗ ಮಾಡಿಕೊಂಡಳು: ಪಾಚಿಯಿಂದ ಏನು ಉಪಯೋಗ, ಕೇಂದ್ರದಲ್ಲಿ ಸಿಗುವ ಒಣಗಿದ ಪಾಚಿಯ ಪೊಟ್ಟಣವನ್ನು ಗದ್ದೆಗೆ ಹೇಗೆ ಎರಚಬೇಕು ಎಂಬುದು ಒಂದು. ಯಾವುದು ಅದನ್ನು ಕೊಲ್ಲುತ್ತದೆ, ಯಾವುದನ್ನು ಯಾವಾಗ ಹಾಕಬಾರದು ಎಂಬುದು ಇನ್ನೊಂದು. ಮುಖ್ಯಸ್ಥರು ಎರಡನೆಯದರ ಮೇಲೆ ಅಡ್ಡಗೆರೆ ಎಳೆದರು. ನಿನ್ನೆ ಹಾಕಿ ಎಂದವರು ಇವತ್ತು ಹಾಕಬೇಡಿ ಎಂದರೆ ಜನ ನಮ್ಮನ್ನು ನಂಬುತ್ತಾರೆಯೇ, ಗೊಂದಲ ಮಾಡುವುದು ಬೇಡ, ಆ ಭಾಗವನ್ನು ಇನ್ನೊಂದು ವಾರ ಮಾಡೋಣ ಎಂದರು. ಅವರು ಕೆಟ್ಟವರಲ್ಲ. ಚಿಕ್ಕಮ್ಮನಿಗೂ ಆಗ ಅದು ಸರಿಯೆಂದೇ ಕಂಡಿತು. ಉಳಿದದ್ದನ್ನು ಅವಳು ಎಂದಿನಂತೆ ಜೇನು ಸುರಿದ ಹಾಗೆ ಓದಿದಳು.

ಜನ ಮುಗಿಬಿದ್ದರು. ಅಮ್ಮನೂ ಅಪ್ಪನನ್ನು ಕಳಿಸಿ ಪೊಟ್ಟಣ ತರಿಸಿದಳು. ಕೈಯಲ್ಲಿ ಹಿಡಿದರೆ ಒಣಗಿದ ಕೆಸರಿನ ಚಕ್ಕೆಗಳ ಹಾಗಿತ್ತು. ನಾಟಿಯ ವಾರದಲ್ಲೇ ಎರಚಿದೆವು. ಅದೇ ವಾರ ಕಂಡಿಯಲ್ಲಿ ನೀಲಿ ಗಂಟೂ ಇತ್ತು, ಕಳೆನಾಶಕವೂ ಬಿತ್ತು. ಹಾಕಬೇಡಿ ಎಂದು ಯಾರೂ ಹೇಳಿರಲಿಲ್ಲವಲ್ಲ. ಪಾಚಿ ಹುಟ್ಟಲೇ ಇಲ್ಲ. ಎಲ್ಲರ ಗದ್ದೆಯಲ್ಲೂ ಅದೇ ಕಥೆ. ಪೊಟ್ಟಣದಲ್ಲಿ ಬರೀ ಮಣ್ಣು ತುಂಬಿ ಕೊಟ್ಟಿದ್ದಾರೆ ಎಂದು ಜನ ಆಡಿಕೊಂಡರು. ಅಪ್ಪ ಉಳಿದ ಪೊಟ್ಟಣವನ್ನು ಹೂವಿನ ಕುಂಡಕ್ಕೆ ಸುರಿದರು. ಮಾರನೆಯ ವರ್ಷ ಕೇಳುವವರಿಲ್ಲದೆ ಕೇಂದ್ರದವರು ಪೊಟ್ಟಣ ಮಾಡುವುದನ್ನು ಕಡಿಮೆ ಮಾಡಿದರು, ಆಮೇಲೆ ನಿಲ್ಲಿಸಿಯೇಬಿಟ್ಟರು.

ಮುಖ್ಯಸ್ಥರು ಹೇಳಿದ ಆ 'ಇನ್ನೊಂದು ವಾರ' ಬರಲೇ ಇಲ್ಲ. ಮೇಷ್ಟ್ರು ಮಾತ್ರ ಬರುತ್ತಿದ್ದರು. ಒಮ್ಮೆ ಎರಡನೆಯ ಭಾಗ ಯಾವಾಗ ಎಂದು ಕೇಳಲು, ಒಮ್ಮೆ ಹೊಸದಾಗಿ ಬರೆದ ಚಿಕ್ಕ ಬರಹ ಕೊಡಲು. ಮೊದಮೊದಲು ಚಿಕ್ಕಮ್ಮ ಅವರನ್ನು ಕೂರಿಸಿ ಸಮಾಧಾನ ಹೇಳುತ್ತಿದ್ದಳು. ಮುಖ್ಯಸ್ಥರ ಬಳಿ ಎರಡು ಮೂರು ಸಲ ಪ್ರಸ್ತಾಪವನ್ನೂ ಮಾಡಿದಳು. ಆಮೇಲೆ ಮೇಷ್ಟ್ರಿಗೆ ಹೇಳಲು ಏನೂ ಇಲ್ಲದೆ, ಅವರ ಮುಖ ನೋಡುವುದೇ ಕಷ್ಟವಾಯಿತು. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದವಳು, ಅವರು ಬಂದಿದ್ದಾರೆ ಎಂದು ತಿಳಿದಾಗ, ರೆಕಾರ್ಡಿಂಗ್‌ನಲ್ಲಿ ಇದ್ದಾಳೆ ಎಂದು ಹೇಳಿಕಳಿಸಿದಳು. ಕ್ಯಾಂಟೀನಿನ ಬಾಗಿಲಿನಿಂದ ನೋಡಿದರೆ ಅವರು ಹೊರಗಿನ ಬೆಂಚಿನ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ತುಂಬ ಹೊತ್ತು ಕೂತಿದ್ದು ಎದ್ದು ಹೋದರು. ಮತ್ತೆ ಬರಲಿಲ್ಲ.

ಇದೆಲ್ಲ ನಡೆದದ್ದು ನಮಗೆ ಆಗ ಗೊತ್ತಿರಲಿಲ್ಲ. ನಮಗೆ ಗೊತ್ತಿದ್ದದ್ದು ಗದ್ದೆ. ವರ್ಷ ವರ್ಷ ಅದೇ ಬೆಳೆಗೆ ಯೂರಿಯಾ ಹೆಚ್ಚು ಬೇಕಾಗುತ್ತ ಬಂತು. ಹಾಕಿದಾಗ ಪೈರು ಕಡುಹಸಿರಾಗುತ್ತಿತ್ತು, ಸ್ವಲ್ಪ ದಿನಕ್ಕೆ ಮತ್ತೆ ಹಳದಿಗೆ ತಿರುಗುತ್ತಿತ್ತು. ಗದ್ದೆಯಲ್ಲಿ ನಡೆದರೆ ಪಾದದ ಕೆಳಗೆ ಮೊದಲಿದ್ದ ಜಾರು ಇಲ್ಲ ಎಂದು ಅಮ್ಮ ಒಮ್ಮೆ ಹೇಳಿದ್ದಳು. ಜಾರಿ ಬೀಳುವುದು ತಪ್ಪಿತಲ್ಲ, ಒಳ್ಳೆಯದೇ ಆಯಿತು ಎಂದರು ಅಪ್ಪ. ಕೆಲವು ವರ್ಷಗಳಲ್ಲಿ ಅಪ್ಪ ತೀರಿಕೊಂಡರು. ನಾನು ಮದುವೆಯಾದ ಮೇಲೂ ಅಲ್ಲೇ ಇದ್ದು, ನನ್ನ ಗಂಡನ ಜೊತೆ ಗದ್ದೆ ನೋಡಿಕೊಂಡೆ. ಚಿಕ್ಕಪ್ಪನೂ ಹೋದರು. ನಿವೃತ್ತಳಾದ ಚಿಕ್ಕಮ್ಮ ಎರಡು ಪೆಟ್ಟಿಗೆ, ಒಂದು ಕುರ್ಚಿ ತೆಗೆದುಕೊಂಡು ನಮ್ಮ ಮನೆಗೆ ಬಂದು ನೆಲೆಸಿದಳು.

ಜೀವಮಾನವೆಲ್ಲ ಗದ್ದೆಯ ಬಗ್ಗೆ ಮಾತಾಡಿದವಳು ಗದ್ದೆಯನ್ನು ದಿನವೂ ನೋಡತೊಡಗಿದ್ದು ಆಗಲೇ. ಬೆಳಗ್ಗೆ ಬದುವಿನ ಮೇಲೆ ಅಡ್ಡಾಡಿ ಬರುತ್ತಿದ್ದಳು. ನಾಟಿಯ ಕಾಲ ಬಂದಾಗ ನನ್ನ ಗಂಡ ಯೂರಿಯಾ ಚೀಲಗಳನ್ನು ಇಳಿಸಿ ಗೋಡೆಗೆ ಒಟ್ಟುವುದನ್ನು ನೋಡಿ, ಇಷ್ಟೊಂದು ಯಾಕೆ ಎಂದು ಕೇಳಿದಳು. ಉತ್ತರ ಕೊಟ್ಟದ್ದು ಅಮ್ಮ.

"ಯಾಕೋ ಮಣ್ಣಲ್ಲಿ ಕಸುವಿಲ್ಲ ಕಣೇ. ನೀನು ಹೇಳಿದ ಹಾಗೇ ಮಾಡ್ಕೊಂಡು ಬಂದಿದೀವಿ. ಒಂದೂ ತಪ್ಪಿಸಿಲ್ಲ."

ಅಮ್ಮ ಅದನ್ನು ದೂರಾಗಿ ಹೇಳಿರಲಿಲ್ಲ. ವೈದ್ಯರ ಮುಂದೆ ರೋಗಿ ಹೇಳುವ ಹಾಗೆ, ನಮ್ಮ ಕಡೆಯಿಂದ ಲೋಪವಿಲ್ಲ ಎಂದು ಹೇಳಿದ್ದಳು. ಚಿಕ್ಕಮ್ಮ ಆ ದಿನ ಊಟಕ್ಕೆ ಕೂತವಳು ಅನ್ನ ಕಲಸಿ ಹಾಗೇ ಬಿಟ್ಟು ಎದ್ದಳು.

ಕೆಲವು ದಿನ ಕಳೆದ ಮೇಲೆ, ಅಮ್ಮ ಅಡುಗೆಮನೆಯಲ್ಲಿ ಅಕ್ಕಿಯಿಂದ ಕಲ್ಲು ಆರಿಸುತ್ತಿದ್ದಾಗ, ಚಿಕ್ಕಮ್ಮ ಎದುರಿಗೆ ಕೂತು ಎಲ್ಲ ಹೇಳಿದಳು. ಪಾಚಿ ಮೇಷ್ಟ್ರು, ಅಡ್ಡಗೆರೆ, ಬಾರದ ಇನ್ನೊಂದು ವಾರ, ಕ್ಯಾಂಟೀನಿನಲ್ಲಿ ಕೂತು ಹೇಳಿಸಿದ ಸುಳ್ಳು. ನಾನು ಬಾಗಿಲ ಬಳಿ ಬಟ್ಟೆ ಮಡಿಸುತ್ತಿದ್ದೆ. ಅವಳು ರೇಡಿಯೊದಲ್ಲಿ ಓದುವ ಹಾಗೆ ಹೇಳಲಿಲ್ಲ. ತಡವರಿಸಿದಳು, ಹಿಂದೆ ಮುಂದೆ ಮಾಡಿದಳು. ಅಮ್ಮ ಅಕ್ಕಿಯ ತಟ್ಟೆಯಿಂದ ತಲೆ ಎತ್ತಲಿಲ್ಲ.

"ರೇಡಿಯೊದಲ್ಲಿ ಹೇಳೋಕಾಗಲಿಲ್ಲ, ಸರಿ," ಎಂದಳು ಕೊನೆಗೆ. "ನೀನು ಮನೆಗೆ ಬರ್ತಿದ್ದೆ. ಇಲ್ಲೇ ಕೂತು ಊಟ ಮಾಡ್ತಿದ್ದೆ. ನನಗೊಬ್ಬಳಿಗಾದ್ರೂ ಹೇಳಬಹುದಿತ್ತಲ್ಲ."

"ಅವರೆಲ್ಲರಿಗೂ ಒಂದು ಹೇಳಿ ನಿನಗೆ ಮಾತ್ರ ಇನ್ನೊಂದು ಹೇಗೆ ಹೇಳಲಿ ಅಕ್ಕ. ಹೇಳಿದ್ರೆ, ನಾನು ಓದಿದ್ದು ಅರ್ಧ ಅಂತ ನಾನೇ ಒಪ್ಪಿಕೊಂಡ ಹಾಗಾಗ್ತಿತ್ತು."

"ಆಗಿದ್ರೆ ಆಗ್ತಿತ್ತು," ಎಂದಳು ಅಮ್ಮ. ಅಷ್ಟು ಹೇಳಿ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಆಮೇಲೆ ಹಲವು ದಿನ ಇಬ್ಬರ ನಡುವೆ ಮಾತು ಬೇಕಾದಷ್ಟೇ ಆಯಿತು: ನೀರು ಕಾದಿದೆ, ಬಾಗಿಲು ಹಾಕು, ಔಷಧಿ ತಗೊಂಡ್ಯಾ. ಜಗಳ ಆಗಿದ್ದರೆ ವಾಸಿಯಿತ್ತು ಎನಿಸುತ್ತಿತ್ತು ನನಗೆ.

ಚಿಕ್ಕಮ್ಮ ಹಟ ಹಿಡಿದು ಮೇಷ್ಟ್ರ ವಿಳಾಸ ಹುಡುಕಿಸಿದಳು. ಅವರು ಮಗಳ ಮನೆಯ ಮೇಲ್ಮಹಡಿಯ ಒಂದು ಕೋಣೆಯಲ್ಲಿದ್ದರು. ನಾನೂ ಜೊತೆಗೆ ಹೋಗಿದ್ದೆ. ಹಾಸಿಗೆ, ಮೇಜು, ಕಿಟಕಿಯ ಉದ್ದಕ್ಕೂ ಗಾಜಿನ ಬಾಟಲಿಗಳು. ಒಂದೆರಡರಲ್ಲಿ ಇನ್ನೂ ಹಸಿರು ನೀರಿತ್ತು. ಅವರ ಕಿವಿ ಪೂರ್ತಿ ಮಂದವಾಗಿತ್ತು. ಸಾವಿರಾರು ಮಂದಿಗೆ ಮೆಲುದನಿಯಲ್ಲಿ ಹೇಳಿ ಅಭ್ಯಾಸವಿದ್ದ ಚಿಕ್ಕಮ್ಮ, ಒಬ್ಬ ಮನುಷ್ಯನಿಗೆ ತನ್ನ ತಪ್ಪನ್ನು ಕೂಗಿ ಕೂಗಿ ಹೇಳಬೇಕಾಯಿತು. ಕೆಳಗೆ ಪಾತ್ರೆ ತೊಳೆಯುತ್ತಿದ್ದ ಮಗಳು ಕೈ ಒರೆಸಿಕೊಂಡು, ಏನಾಯಿತೋ ಎಂದು ಮೆಟ್ಟಿಲು ಹತ್ತಿ ಬಂದಳು. ನನಗೆ ನಗು ಬಂತು, ಅದನ್ನು ತೋರಗೊಡದೆ ಕಿಟಕಿಯ ಬಾಟಲಿಗಳ ಕಡೆ ತಿರುಗಿದೆ.

ಮೇಷ್ಟ್ರಿಗೆ ಎಷ್ಟು ಕೇಳಿಸಿತೋ ತಿಳಿಯದು. ಕೊನೆಗೆ ಅವರು ಅವಳ ಕೈ ತಟ್ಟಿದರು. "ನೀವು ಚೆನ್ನಾಗಿ ಓದಿದ್ರಿ. ನಾನು ಮೂರು ನಿಮಿಷದಲ್ಲಿ ಹೇಳೋದನ್ನ ಕಲೀಬೇಕಿತ್ತು. ಕಲೀಲಿಲ್ಲ."

ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ. ಈ ಮಾತು ಕೇಳಿ ಅವಳು ಗೋಡೆಯ ಕಡೆ ಮುಖ ಮಾಡಿ ಅತ್ತಳು. ಮೇಷ್ಟ್ರು ಅದನ್ನು ಗಮನಿಸದವರ ಹಾಗೆ ಗದ್ದೆಯ ಬಗ್ಗೆ ಶುರುಮಾಡಿದರು, ಪ್ರತಿ ವಾಕ್ಯಕ್ಕೂ 'ಆದರೆ' ಸೇರಿಸುತ್ತ. ಗದ್ದೆಯ ಒಂದು ಮಡಿಯನ್ನು ಔಷಧಿ ಹಾಕದೆ ಬಿಟ್ಟು ನೋಡಿ ಎಂದರು. ಮೈಲುತುತ್ತ ಬೇಡ, ಕಳೆನಾಶಕ ಬೇಡ, ಯೂರಿಯಾ ನಿಧಾನಕ್ಕೆ ಇಳಿಸಿ, ಒಂದೇ ಸಲ ನಿಲ್ಲಿಸಬೇಡಿ. ಪೊಟ್ಟಣದ ಪಾಚಿ ಈಗ ನನ್ನ ಬಳಿ ಇಲ್ಲ, ಆದರೆ ಮಣ್ಣಿನಲ್ಲೇ ಎಲ್ಲೋ ಒಣಗಿ ಮಲಗಿರಬಹುದು. ಆದರೆ ಮೊದಲ ವರ್ಷವೇ ಬರುತ್ತದೆಂದು ಕಾಯಬೇಡಿ. ಮೈಲುತುತ್ತದ ತಾಮ್ರ ಮಣ್ಣು ಬಿಟ್ಟು ಬೇಗ ಹೋಗುವ ಜಾತಿಯದಲ್ಲ. ಚಿಕ್ಕಮ್ಮ ಒಂದನ್ನೂ ತುಂಡು ಮಾಡದೆ ಕೇಳಿದಳು.

ಅಮ್ಮನನ್ನು ಒಪ್ಪಿಸಿದ್ದು ನನ್ನ ಗಂಡ. ಮನೆಯ ಹತ್ತಿರದ ಮಡಿಯೊಂದನ್ನು ಬಿಡೋಣ, ಹೋದರೆ ಅಷ್ಟೇ ಹೋಗುತ್ತದೆ ಎಂದರು. ಕಳೆ ಕೀಳುವ ಕೆಲಸವನ್ನು ಚಿಕ್ಕಮ್ಮ ತಾನೇ ವಹಿಸಿಕೊಂಡಳು. ಗದ್ದೆಗಳ ನಡುವೆ ಬೆಳೆದರೂ ಹಾಳೆ ಬಿಟ್ಟು ಬೇರೇನನ್ನೂ ಹಿಡಿಯದ ಕೈ. ಭತ್ತಕ್ಕೂ ಭತ್ತದಂಥ ಕಳೆಗೂ ವ್ಯತ್ಯಾಸ ತಿಳಿಯದೆ ಎರಡನ್ನೂ ಕಿತ್ತು ಹಾಕುತ್ತಿದ್ದಳು. ನೋಡಲಾರದೆ ಅಮ್ಮನೇ ಒಂದು ದಿನ ಸೆರಗು ಸಿಕ್ಕಿಸಿಕೊಂಡು ಕೆಸರಿಗಿಳಿದಳು. "ಇದು ಕಳೆ, ಇದು ಪೈರು. ಎಲೆಯ ಬುಡದಲ್ಲಿ ಕೂದಲಿನ ಹಾಗಿದೆಯಲ್ಲ ಅದು ಪೈರು. ಇಷ್ಟು ವರ್ಷ ಊರಿಗೆಲ್ಲ ಪಾಠ ಹೇಳಿದ್ದು ನೀನೇನಾ?" ಎಂದಳು. ಅದು ಕೊಂಕು ಮಾತೇ. ಆದರೂ ಎಷ್ಟೋ ದಿನಗಳ ಮೇಲೆ ಅಮ್ಮ ಆಡಿದ ಉದ್ದದ ಮಾತು. ಆವತ್ತಿನಿಂದ ಇಬ್ಬರೂ ಒಟ್ಟಿಗೆ ಇಳಿಯುತ್ತಿದ್ದರು.

ಮೊದಲ ಬೆಳೆ ಸೊರಗಿತು. ಪಾಚಿ ಕಾಣಲಿಲ್ಲ. ಕಾರಣ ಹುಡುಕುತ್ತ ಹೋದರೆ, ನಮ್ಮ ಮಡಿಗೆ ನೀರು ಬರುವುದೇ ಮೇಲುಗದ್ದೆಯಿಂದ. ಅಲ್ಲಿ ಹಾಕಿದ್ದೆಲ್ಲ ಕರಗಿ ಕಂಡಿಯಿಂದ ನಮ್ಮಲ್ಲಿಗೆ ಇಳಿಯುತ್ತಿತ್ತು. ಮೇಲುಗದ್ದೆಯವನು ನನ್ನ ವಯಸ್ಸಿನವನು, ಕೆಟ್ಟ ಮನುಷ್ಯನಲ್ಲ. ಚಿಕ್ಕಮ್ಮ ಅವನ ಬಳಿ ಹೋಗಿ, ಕಳೆನಾಶಕವನ್ನೂ ಮೈಲುತುತ್ತವನ್ನೂ ಬಿಡಲು ಆಗುತ್ತದೆಯೇ ಎಂದು ಕೇಳಿದಳು. ಅವನು ಅವಳಿಗೆ ಕುರ್ಚಿ ಹಾಕಿ, ಚಹಾ ತರಿಸಿ, ಗೌರವದಿಂದಲೇ ಹೇಳಿದ.

"ಚಿಕ್ಕಮ್ಮ, ಆ ನೀಲಿ ಗಂಟು ಇಡೋದನ್ನ ನಮ್ಮಪ್ಪ ನಿಮ್ಮ ಬಾಯಿಂದಲೇ ಕಲಿತದ್ದು. ಸಾಯೋವರೆಗೂ ನಿಮ್ಮ ಹೆಸರು ಹೇಳ್ತಿದ್ರು. ಈಗ ಬೇಡ ಅಂದ್ರೆ ನಾನು ಯಾವುದನ್ನ ನಂಬಲಿ?"

ಅವಳು ಚಹಾದ ಲೋಟ ಕೆಳಗಿಟ್ಟಳು. "ಆವತ್ತು ಅರ್ಧ ಹೇಳಿದ್ದೆ ಕಣಪ್ಪ. ಇದು ಉಳಿದರ್ಧ" ಎಂದಳು. ಅವನಿಗೆ ಅದು ಅರ್ಥವಾಯಿತೋ ಇಲ್ಲವೋ. ಕಳೆ ಕೀಳಲು ಆಳು ಎಲ್ಲಿ ಸಿಗುತ್ತಾರೆ, ಕಳೆನಾಶಕ ಬಿಡಲು ಆಗುವುದಿಲ್ಲ ಎಂದ. ಅವಳ ಮುಖ ನೋಡಿ, ಹಾಕಿದ ಮೇಲೆ ಒಂದಷ್ಟು ದಿನ ನೀರನ್ನು ತನ್ನ ಗದ್ದೆಯಲ್ಲೇ ತಡೆದು ಆಮೇಲೆ ಬಿಡುತ್ತೇನೆ, ಗಂಟನ್ನೂ ಪಾಚಿ ಅತಿಯಾದಾಗ ಮಾತ್ರ ಇಡುತ್ತೇನೆ ಎಂದು ಒಪ್ಪಿಕೊಂಡ. ಬಹುಮಟ್ಟಿಗೆ ಮಾತು ಉಳಿಸಿಕೊಂಡ ಎನ್ನಬೇಕು. ಒಂದೆರಡು ಸಲ ಮರೆತ.

ಎರಡನೆಯ ವರ್ಷವೂ ಹಾಗೇ ಹೋಯಿತು. ಮೂರನೆಯ ವರ್ಷ, ನಾಟಿಯಾಗಿ ಕೆಲವು ವಾರಗಳ ಮೇಲೆ, ಬಿಸಿಲು ಏರಿದ ಹೊತ್ತಿನಲ್ಲಿ ಅಮ್ಮ ಬದುವಿನಿಂದ ಕೂಗಿದಳು. ಮಡಿಯ ಒಂದು ಬದಿಯಲ್ಲಿ, ಮಣ್ಣಿನ ಮೇಲೆ ಅಂಗೈಯಗಲದ ನೀಲಿಹಸಿರು ಲೋಳೆ. ಅದರಿಂದ ಸಣ್ಣ ಸಣ್ಣ ಗುಳ್ಳೆಗಳು ಮೇಲೇಳುತ್ತಿದ್ದವು. ಚಿಕ್ಕಮ್ಮ ಮೊಣಕಾಲೂರಿ, ಮುಟ್ಟಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡಳು. ಮೇಷ್ಟ್ರನ್ನು ಕರೆದುಕೊಂಡು ಬಂದು ತೋರಿಸಬೇಕು ಎಂದಳು. ಆ ಸಂಜೆಯೇ ಫೋನು ಮಾಡಿದೆವು. ಮೇಷ್ಟ್ರು ಹಾಸಿಗೆ ಹಿಡಿದಿದ್ದಾರೆ, ಯಾರನ್ನೂ ಗುರುತಿಸುತ್ತಿಲ್ಲ ಎಂದಳು ಅವರ ಮಗಳು. ವಿಷಯ ಅವರಿಗೆ ಹೇಳಿ ಎಂದು ಚಿಕ್ಕಮ್ಮ ಕೇಳಿಕೊಂಡಳು. ಹೇಳುತ್ತೇನೆ ಎಂದಳು ಮಗಳು. ಹೇಳಿದಳೋ, ಅವರಿಗೆ ತಲುಪಿತೋ, ನಮಗೆ ತಿಳಿಯಲಿಲ್ಲ. ಸ್ವಲ್ಪ ದಿನದಲ್ಲೇ ಅವರು ಹೋದ ಸುದ್ದಿ ಬಂತು. ಮೂವತ್ತು ವರ್ಷ ಮುಂಚೆಯೇ ಕಾಣಬೇಕಿದ್ದದ್ದು ಎಂದು ಅವಳು ಒಂದೇ ಸಮನೆ ಹೇಳಿಕೊಳ್ಳುತ್ತಿದ್ದಳು.

ಆ ಮಡಿಗೆ ಈಗ ಯೂರಿಯಾ ಮೊದಲಿನ ಅರ್ಧ ಸಾಕು. ಇಳುವರಿ ಉಳಿದ ಮಡಿಗಳಿಗಿಂತ ಹೆಚ್ಚೇನಿಲ್ಲ, ಕಡಿಮೆಯೂ ಇಲ್ಲ. ಉಳಿದವುಗಳಿಗೆ ನಾವು ಇನ್ನೂ ಕಳೆನಾಶಕ ಹಾಕುತ್ತಿದ್ದೇವೆ. ಅಷ್ಟಕ್ಕೂ ಕಳೆ ಕೀಳುವ ಶಕ್ತಿ ನಮ್ಮಲ್ಲಿಲ್ಲ. ಚಿಕ್ಕಮ್ಮನಿಗೆ ಅದು ಕೊನೆಯವರೆಗೂ ಕೊರಗು. ಒಮ್ಮೆ ರೇಡಿಯೊ ಕಚೇರಿಗೂ ಹೋಗಿ ಬಂದಳು. ಹೊಸಬರು ಚೆನ್ನಾಗಿ ಮಾತಾಡಿಸಿ, ಈ ವಿಷಯಕ್ಕೆ ತಜ್ಞರನ್ನು ಕರೆತನ್ನಿ ಎಂದರಂತೆ. ಇದ್ದವರು ಒಬ್ಬರೇ, ಅವರು ಹೋದರು ಎಂದು ಹೇಳಿ ಬಂದಳಂತೆ.

ಚಿಕ್ಕಮ್ಮ ತೀರಿಕೊಂಡು ಒಂದು ವರ್ಷವಾಗುತ್ತಾ ಬಂತು. ಸುದ್ದಿ ಕೇಳಿ ಎಲ್ಲೆಲ್ಲಿಂದಲೋ ಜನ ಬಂದರು, ಮುಖ ನೋಡಿರದವರೇ ಹೆಚ್ಚು. ಒಬ್ಬ ವಯಸ್ಸಾದ ರೈತ ಅಮ್ಮನ ಪಕ್ಕ ಕೂತು, ಜಿಗಿಹುಳುವಿನ ವರ್ಷ ತನ್ನ ಗದ್ದೆ ಉಳಿದದ್ದನ್ನು ವಿವರವಾಗಿ ಹೇಳಿ, ಆಕೆ ಒಂದು ದಿನವೂ ನಮಗೆ ತಪ್ಪು ಹೇಳಿದವಳಲ್ಲ ಎಂದ. ಅಮ್ಮ ಸುಮ್ಮನೆ ತಲೆಯಾಡಿಸಿ ಬಿಡಬಹುದಿತ್ತು.

"ಹೇಳಿದ್ದೆಲ್ಲ ಸರಿಯೇ ಅನ್ನಿ," ಎಂದಳು. "ಹೇಳದೆ ಬಿಟ್ಟದ್ದು ಒಂದಿತ್ತು. ಅದಕ್ಕೇ ಕೊರಗಿದಳು. ನಾನೂ ಸ್ವಲ್ಪ ಕೊರಗಿಸಿದೆ."

ಆತ ಅದು ಅಕ್ಕತಂಗಿಯರ ಮಧ್ಯದ ಯಾವುದೋ ಮಾತಿರಬೇಕೆಂದುಕೊಂಡು ಮುಂದೆ ಕೇಳಲಿಲ್ಲ. ಈ ಸಲದ ನಾಟಿಗೆ ಅಮ್ಮ ಪಕ್ಕದ ಮಡಿಯನ್ನೂ ಔಷಧಿ ಹಾಕದೆ ಬಿಡಿಸಿದ್ದಾಳೆ. ಅಲ್ಲಿ ಪಾಚಿ ಇನ್ನೂ ಕಂಡಿಲ್ಲ.